ಮಾಸ್ತರರ ಬಾಗಿಲ ಮುಂದಿನ ಮೀನು

ಬೀದರಿನ ಹಳೆಯ ಊರಿನ ಒಂದು ಇಳಿಜಾರು ಗಲ್ಲಿಯಲ್ಲಿ, ಮಳೆಗಾಲ ಶುರುವಾಗುವ ಮೊದಲು, ನಾನು ನೆಲದ ಮೇಲೆ ಒಂದು ಮೀನು ಬರೆಸಿದೆ. ಆ ಮೀನಿನಿಂದ ಒಬ್ಬ ನಿವೃತ್ತ ಮಾಸ್ತರರ ಮರ್ಯಾದೆಗೆ ಏನೇನಾಯಿತು ಎಂದು ಹೇಳಬೇಕಾದರೆ, ಮೊದಲು ನನ್ನ ಕೆಲಸ ಎಂಥದ್ದಿತ್ತು ಎಂದು ಹೇಳಬೇಕು. ನನ್ನ ಅವ್ವನಿಗೆ ಅದನ್ನು ಹೇಳಿ ಹೇಳಿ ನನಗೇ ಸಾಕಾಗಿತ್ತು.

ನಮ್ಮ ಮನೆ ಭಾಲ್ಕಿಯಲ್ಲಿ. ಓದು ಮುಗಿಸಿ ಮನೆಯಲ್ಲಿ ಕೂತಿದ್ದಾಗ ಬೀದರಿನ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಕೆರೆ, ಬಾವಿ, ಹಳ್ಳ ಹೊಲಸಾಗದಂತೆ ನೋಡಿಕೊಳ್ಳಬೇಕೆಂದು ನಾಲ್ಕಾರು ಜನ ಸೇರಿ ಕಟ್ಟಿದ ಸಂಸ್ಥೆ ಅದು. ಕೆರೆಗಳನ್ನೆಲ್ಲ ನನಗಿಂತ ಮೊದಲು ಬಂದವರು ಹಂಚಿಕೊಂಡಿದ್ದರು. ನನ್ನ ಪಾಲಿಗೆ ಉಳಿದದ್ದು ಮಳೆನೀರಿನ ನಾಲಿಗಳು, ಅಂದರೆ ಚರಂಡಿಗಳು.

"ಬಿ.ಎಸ್ಸಿ. ಓದಿ ನಾಲಿ ಕಾಯ್ಲಕ ಹೋಗ್ತೀ?" ಎಂದಳು ಅವ್ವ.

"ನಾಲಿ ಕಾಯೋದಲ್ಲವ್ವಾ. ನಾಲ್ಯಾಗ ಮಂದಿ ಏನ್ ಹಾಕ್ತಾರ, ಅದನ್ನ ನೋಡೋದು."

"ಅದು ಇನ್ನೂ ಹೊಲಸು."

ನೆರೆಹೊರೆಯವರಿಗೆ ಅವ್ವ ಬೇರೆಯೇ ಹೇಳಿದಳು. ನಮ್ಮ ಹುಡುಗಿ ನೀರಿನ ಆಫೀಸರ್ ಆಗ್ಯಾಳ ಎಂದಳು. ಅದರ ಫಲ ಏನೆಂದರೆ, ಬೆಳಿಗ್ಗೆ ನಾನು ಬೀದರಿನ ಬಸ್ಸು ಹಿಡಿಯಲು ಹೊರಟಾಗ ಓಣಿಯ ಹೆಂಗಸರು ಖಾಲಿ ಕೊಡ ಹಿಡಿದು ದಾರಿಗೆ ಅಡ್ಡ ನಿಲ್ಲತೊಡಗಿದರು. ನಳದಲ್ಲಿ ನೀರು ಯಾಕೆ ಬಂದಿಲ್ಲ ಎನ್ನುವುದಕ್ಕೆ ನಾನು ಉತ್ತರ ಕೊಡಬೇಕಿತ್ತು. ಕೊಡಲಾಗದೆ ಹಿಂದಿನ ಬಾಗಿಲಿನಿಂದ ಹೋಗುವುದನ್ನು ಕಲಿತೆ.

ಬೀದರಿನಲ್ಲಿ ನನಗೆ ಕೊಟ್ಟ ಗಲ್ಲಿಯ ಎರಡು ಬದಿಗೂ ನಾಲಿ ಇತ್ತು. ಬಲಗಡೆಯದು ಮನೆಗಳ ಬಚ್ಚಲ ನೀರಿಗೆ. ಅದು ಊರ ಕೊಳಚೆಯ ಜೊತೆ ಸೇರಿ ಶುದ್ಧ ಮಾಡುವ ಜಾಗಕ್ಕೆ ಹೋಗುತ್ತಿತ್ತು. ಎಡಗಡೆಯದು ಮಳೆನೀರಿಗೆ. ಮೇಲೆ ಕಲ್ಲು ಚಪ್ಪಡಿ ಮುಚ್ಚಿದ್ದರು. ಗಲ್ಲಿಯ ಕೆಳಗಿನ ತುದಿಯಲ್ಲಿ ಕಬ್ಬಿಣದ ಸರಳುಗಳ ಜಾಲಿ ಹಾಕಿದ ಬಾಯಿ. ಅಲ್ಲಿಂದ ಮುಂದೆ ಸೋಸುವುದೂ ಇಲ್ಲ, ತಡೆಯುವುದೂ ಇಲ್ಲ, ನೀರು ನೇರವಾಗಿ ಊರ ಕೆಳಗಿನ ಕೆರೆಗೆ ಬೀಳುತ್ತಿತ್ತು. ಎಡಗಡೆಯದರಲ್ಲಿ ಮಳೆನೀರು ಬಿಟ್ಟು ಬೇರೆ ಏನೂ ಹಾಕಬೇಡಿ ಎಂದು ಮನೆಮನೆಗೆ ಹೋಗಿ ಹೇಳುವುದೇ ನನ್ನ ಕೆಲಸ. ಕೇಳಲು ಇದು ಸುಲಭ.

"ಅಕ್ಕಾರೆ, ಎರಡೂ ನಾಲಿನೇ ಅಲ್ಲೇನ್ರಿ?" ಎಂದು ಮೊದಲ ಮನೆಯಾಕೆಯೇ ಕೇಳಿದಳು. ಆಕೆಯ ಕೈಯಲ್ಲಿ ಎಣ್ಣೆ ಜಿಡ್ಡಿನ ನೀರು ತುಂಬಿದ ಬೋಗುಣಿ ಇತ್ತು.

"ಹೌದ್ರಿ, ಆದ್ರ ಇದು ಮಳಿ ನೀರಿಂದು. ನೆಟ್ಟಗ ಕೆರಿಗಿ ಹೋಗ್ತದ."

"ಮತ್ತ ಮಳಿ ಇಲ್ಲದಾಗ ಖಾಲಿ ಬಿದ್ದಿರ್ತದಲ್ಲ? ಅಷ್ಟು ಜಾಗಾ ಯಾಕ ಸುಮ್ಮ ಬಿಡೋದು?" ಎಂದು ಆಕೆ ಬೋಗುಣಿಯನ್ನು ನನ್ನೆದುರೇ ಬರಿದು ಮಾಡಿದಳು.

ಹೀಗೆ ಕೆಲವು ವಾರ ಕಳೆದ ಮೇಲೆ ನಮ್ಮ ಸಂಸ್ಥೆಯ ಮೇಡಂ ಒಂದು ಉಪಾಯ ತಂದರು. ಬೇರೆ ಊರುಗಳಲ್ಲಿ ನಾಲಿಯ ಬಾಯಿಯ ಹತ್ತಿರ ಮೀನಿನ ಚಿತ್ರ ಬರೆಯುತ್ತಾರಂತೆ. ನೋಡಿದವರಿಗೆ ಕೆರೆ ನೆನಪಾಗಿ ಕೈ ತಡೆಯುತ್ತದಂತೆ. ನಾವೂ ಬರೆಸೋಣ ಎಂದರು. ಪೇಂಟರನ್ನು ಹುಡುಕುವ ಕೆಲಸ ನನಗೆ ಬಂತು. ನನಗೆ ಸಿಕ್ಕವನು ಊಟದ ಹೋಟೆಲುಗಳ ಬೋರ್ಡು ಬರೆದು ಪಳಗಿದವನು. ಅವನು ಬರೆದ ಮೀನು ಕೆರೆಯಲ್ಲಿ ಈಜುವ ಮೀನಿನಂತೆ ಇರಲಿಲ್ಲ. ದುಂಡಗೆ, ಮಿರಿಮಿರಿ ಮಿಂಚುತ್ತ, ತಟ್ಟೆಯ ಮೇಲೆ ಒರಗಿದಂತಿತ್ತು. ಬರೆದು ಮುಗಿಸಿ ಸ್ವಲ್ಪ ದೂರ ನಿಂತು ನೋಡಿ, "ಬಾಜೂಕ ಒಂದು ನಿಂಬಿಹಣ್ಣು ಹಾಕ್ಲೇನ್ರಿ ಮೇಡಂ?" ಎಂದು ಕೇಳಿದ. ಬೇಡ ಎಂದೆ.

ಮೀನಿನ ಕೆಳಗೆ ಎರಡು ಸಾಲಿನ ಬರಹ. ಮೇಲಿನ ಸಾಲು: ಇಲ್ಲಿ ಹಾಕಿದ್ದು. ಕೆಳಗಿನ ಸಾಲು: ಕೆರೆಯ ಮೀನು ಕುಡಿಯುತ್ತದೆ. ಎರಡು ಸಾಲೂ ಒಂದೇ ಅಗಲ ಕಾಣಲಿ ಎಂದು ಅವನು 'ಇಲ್ಲಿ' ಎನ್ನುವುದನ್ನು ಎಡಗಡೆ ದೊಡ್ಡದಾಗಿ ಎಳೆದು, 'ಹಾಕಿದ್ದು' ಎನ್ನುವುದನ್ನು ಬಲಗಡೆಗೆ ಸರಿಸಿದ.

ನಾಲಿಯ ಬಾಯಿ ಇದ್ದದ್ದು ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯರ ಮನೆಯ ಗೇಟಿನ ಮುಂದೆ. ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಬೆತ್ತ. ಗಲ್ಲಿಯವರೆಲ್ಲ ಅವರನ್ನು ಸರ್ ಎನ್ನುತ್ತಿದ್ದರು. ಮನಸ್ಸು ನೆಟ್ಟಗಿದ್ದಾಗ ಅವರೂ ನಮ್ಮ ಹಾಗೆ ಬೀದರಿನ ಮಾತಾಡುತ್ತಿದ್ದರು. ಸಿಟ್ಟು ಬಂತೋ, ಪಠ್ಯಪುಸ್ತಕದ ಕನ್ನಡ. ಅವರ ಬಾಯಿಂದ ಶುದ್ಧ ಕನ್ನಡ ಬಂದರೆ ಜನ ದೂರ ಸರಿಯುತ್ತಿದ್ದರು. ಆ ದಿನ ಅವರು ಮೀನಿನ ಕಡೆ ನೋಡದೆ ಬರಹವನ್ನು ಮಾತ್ರ ಓದಿ, ಒತ್ತಕ್ಷರ ಸರಿ ಇವೆಯೇ ಎಂದು ನೋಡಿ, "ತಪ್ಪಿಲ್ಲ, ಇರ್ಲಿ ಬಿಡು" ಎಂದು ಒಳಗೆ ಹೋದರು. ಅವರ ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುವಂತಿರಲಿಲ್ಲ ಎನ್ನುವುದು ನನಗೆ ಆಗ ಗೊತ್ತಿರಲಿಲ್ಲ.

ಎದುರಿಗೆ ಒಂದು ಮೋಟಾರ್ ಸೈಕಲ್ ರಿಪೇರಿಯ ಗ್ಯಾರೇಜು. ಅದರ ಮಾಲೀಕನನ್ನು ಎಲ್ಲರೂ ಉಸ್ತಾದ್ ಎಂದು ಕರೆಯುತ್ತಿದ್ದರು. ಬಣ್ಣ ಒಣಗುವ ಮೊದಲೇ ಅವನು ಒಂದು ಗಾಡಿಯನ್ನು ಹಿಂದಕ್ಕೆ ತಳ್ಳಿಕೊಂಡು ಹೊರಗೆ ತಂದ. ಗಾಲಿ ಬರಹದ ಬಲಭಾಗದ ಮೇಲೆ ಹೋಯಿತು, ಮತ್ತೆ ಬಂತು. 'ಹಾಕಿದ್ದು' ಅಳಿಸಿಹೋಯಿತು. 'ಕುಡಿಯುತ್ತದೆ' ಕೂಡ ಅಳಿಸಿಹೋಯಿತು. ಎಡಗಡೆ ಉಳಿದದ್ದು ದುಂಡಗಿನ ಮೀನು, ಮತ್ತು ಅದರ ಕೆಳಗೆ ಅಚ್ಚುಕಟ್ಟಾದ ಅಕ್ಷರದಲ್ಲಿ:

ಇಲ್ಲಿ
ಕೆರೆಯ ಮೀನು.

ಅಷ್ಟರಲ್ಲಿ ನಾನು ಭಾಲ್ಕಿಯ ಬಸ್ಸಿನಲ್ಲಿದ್ದೆ. ಪೇಂಟರ್ ಬೇರೆ ಊರಿನ ಕೆಲಸಕ್ಕೆ ಹೋಗಿದ್ದ. ಭಾನುವಾರ ಬೆಳಿಗ್ಗೆ ನನ್ನ ಫೋನು ರಿಂಗಾಯಿತು.

"ನಿಮ್ಮ ಮತ್ಸ್ಯವನ್ನು ತಕ್ಷಣ ತೆರವುಗೊಳಿಸಿ" ಎಂದಿತು ಒಂದು ಧ್ವನಿ. ಯಾರು ಎಂದು ಕೇಳುವ ಅಗತ್ಯ ಬೀಳಲಿಲ್ಲ.

ಅದೇ ದಿನ ನಾನು ಬೀದರಿಗೆ ಹೋಗುವುದಿತ್ತು. ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ಔರಾದ್ ತಾಲೂಕಿನ ಎಕಂಬಾದಲ್ಲಿ ಕುರಿ ಸಾಕುತ್ತಾಳೆ. ಕಣ್ಣು ಮಂಜಾಗಿವೆ, ಬೀದರಿನಲ್ಲಿ ತೋರಿಸಬೇಕು ಎಂದು ಅವಳು ಔರಾದಿನಿಂದ ನೇರ ಬಸ್ಸಿಗೆ ಬರುವವಳಿದ್ದಳು. ನನಗಿಂತ ಮೊದಲು ಬಂದರೆ ನಾನು ಕೆಲಸ ಮಾಡುವ ಗಲ್ಲಿಯಲ್ಲೇ ನಿಂತಿರು ಎಂದು ಅವಳಿಗೆ ಗುರುತು ಹೇಳಿದ್ದೆ. ನಾನು ಹೋಗಿ ಮುಟ್ಟುವಷ್ಟರಲ್ಲಿ ಅವಳು ಗೇಟಿನ ಮುಂದೆ ನಿಂತು, ಒಳಗೆ ಕುರ್ಚಿಯ ಮೇಲೆ ಕೂತಿದ್ದ ಸರ್ ಜೊತೆ ಮಾತಾಡುತ್ತಿದ್ದಳು.

"ಯಜಮಾನ್ರ, ಮೀನ ಹ್ಯಾಂಗ ಕೊಡ್ತೀರಿ?"

"ತಾಯಿ, ಇದು ಮೀನಿನ ಅಂಗಡಿಯಲ್ಲ. ಇದು ನಿವೃತ್ತ ಮುಖ್ಯೋಪಾಧ್ಯಾಯರ ನಿವಾಸ."

"ಇರ್ಲಿ ಬಿಡ್ರಿ" ಎಂದಳು ಚಿಗವ್ವ ಸಮಾಧಾನದ ದನಿಯಲ್ಲಿ. "ರಿಟೈರ್ ಆದ ಮ್ಯಾಲ ಮನಶ್ಯಾ ಏನರ ಧಂದಾ ಮಾಡ್ಬೇಕಲ್ಲ. ಅದ್ರಾಗ ನಾಚಿಕಿ ಏನದ?"

ಸರ್ ಎದ್ದು ನಿಂತರು. ಒಳಗಿನಿಂದ ಯಾರೋ ಸೆರಗು ಬಾಯಿಗೆ ಒತ್ತಿ ನಗುವ ಸದ್ದು ಕೇಳಿಸಿತು. ಅದು ಸರ್ ಅವರ ಹೆಂಡತಿ. ನಾನು ಅವರನ್ನು ಅಮ್ಮಾರು ಎಂದು ಕರೆಯುತ್ತಿದ್ದೆ. ಬೆಳಗಿನಿಂದ ಬಂದವರ ಪೈಕಿ ಚಿಗವ್ವ ಮೊದಲಿನವಳಲ್ಲ ಎಂದು ಅಮ್ಮಾರು ಆಮೇಲೆ ಹೇಳಿದರು. ಒಬ್ಬಾತ ಚೀಲ ಹಿಡಿದು ಬಂದು, "ಚಾಚಾ, ತಾಜಾ ಹೈ ಕ್ಯಾ?" ಎಂದು ಮೀನಿನ ತಾಜಾತನ ವಿಚಾರಿಸಿದ್ದನಂತೆ. ಇನ್ನೊಬ್ಬ, ತೊಳೆದು ಕತ್ತರಿಸಿ ಕೊಡುತ್ತೀರಾ ಎಂದು ಕೇಳಿದ್ದನಂತೆ.

ಚಿಗವ್ವನನ್ನು ಒಂದು ಕಡೆ ಕೂರಿಸಿ ನಾನು ಸರ್ ಎದುರು ನಿಂತೆ. ಪೇಂಟರ್ ಊರಲ್ಲಿಲ್ಲ, ನಾನೇ ಅಳಿಸಲು ಹೋದರೆ ಇನ್ನೇನು ಉಳಿದೀತೋ ಎಂಬ ಭಯ. "ಕೆಲವು ದಿನ ತಡಕೋರಿ ಸರ್. ಅಲ್ಲಿ ತನ ಬಂದವ್ರಿಗಿ ನೀವೇ ಒಂದು ಮಾತು ತಿಳಿಸಿ ಹೇಳ್ರಿ, ಈ ಮೀನ ಯಾಕ ಬರದಾರ ಅಂತ" ಎಂದೆ. ತಪ್ಪಿಸಿಕೊಳ್ಳಲು ಹೇಳಿದ ಮಾತದು.

ಸರ್ ಅದನ್ನು ಪಾಠದ ಕೆಲಸವೆಂದೇ ತೆಗೆದುಕೊಂಡರು. ಮರುದಿನದಿಂದ ಕುರ್ಚಿ ಗೇಟಿನ ಹೊರಗೆ ಬಂತು. ಮೀನು ಕೇಳಲು ಬಂದವರನ್ನು ಅವರು ನಿಲ್ಲಿಸಿ ಪಾಠ ಶುರು ಮಾಡುತ್ತಿದ್ದರು. ಸಮುದ್ರದ ನೀರು ಆವಿಯಾಗುವುದರಿಂದ ಆರಂಭ. ಮೋಡ, ಮಳೆ, ನಮ್ಮ ಕೆಂಪು ಕಲ್ಲಿನ ನೆಲ ನೀರು ಹೇಗೆ ಹೀರುತ್ತದೆ, ಮಾಳಿಗೆಯ ನೀರು ಎಲ್ಲಿ ಹೋಗುತ್ತದೆ, ನಾಲಿ, ಕೆರೆ. ನಡುವೆ ಪ್ರಶ್ನೆ ಕೇಳುತ್ತಿದ್ದರು. ಉತ್ತರ ಗೊತ್ತಿಲ್ಲದವರು ಹಿಂದಿನ ಭಾಗವನ್ನು ಮತ್ತೆ ಕೇಳಬೇಕಾಗುತ್ತಿತ್ತು. ಒಬ್ಬ ಗಿರಾಕಿ ಸೈಕಲ್ ಹಿಡಿದುಕೊಂಡು ಪೂರ್ತಿ ಪಾಠ ಕೇಳಿ, ಕೊನೆಗೆ ವಿನಯದಿಂದ, "ಎಲ್ಲಾ ಖರೆ ಅದ ಸರ್. ಆದ್ರ ಮೀನ ಎಲ್ಲಿ ಸಿಗ್ತಾವ?" ಎಂದು ಕೇಳಿದ್ದನ್ನು ನಾನೇ ನೋಡಿದ್ದೇನೆ. ಅಮ್ಮಾರು ಕಿಟಕಿಯಿಂದ, "ಮಾರ್ಕೆಟಿನ ಹಿಂದಿನ ಗಲ್ಲ್ಯಾಗ ನೋಡಪ್ಪಾ" ಎಂದು ದಾರಿ ಹೇಳಿದರು.

ಪೇಂಟರ್ ವಾಪಸು ಬಂದ. ನಾನು ಅವನನ್ನು ಡಬ್ಬಿ, ಕುಂಚ ಸಮೇತ ಕರೆದುಕೊಂಡು ಹೋದೆ. ಸರ್ ಕೈ ಅಡ್ಡ ಹಿಡಿದರು.

"ಈಗ ಬ್ಯಾಡ."

"ಯಾಕ್ರಿ ಸರ್? ನೀವೇ ಅಳಸ್ರಿ ಅಂದಿದ್ರಿ."

"ಅಕ್ಷರ ಸರಿ ಮಾಡಿದ್ರ ಎಲ್ಲಾರೂ ಓದಿ ಸುಮ್ಮ ಹೋಗ್ತಾರ. ಕೇಳ್ಲಕ ಯಾರ್ ಬರ್ತಾರ? ಹಿಂಗಿದ್ರ ಒಬ್ಬೊಬ್ರಾಗಿ ತಾವೇ ಬರ್ತಾರ."

ನಿವೃತ್ತರಾದ ಮೇಲೆ ಅವರ ಎದುರು ಯಾರೂ ಅಷ್ಟು ಹೊತ್ತು ನಿಂತಿರಲಿಲ್ಲವೆಂದು ನನಗೆ ಆಗ ತಿಳಿಯಿತು. ಪೇಂಟರನಿಗೆ ಚಹಾ ಕುಡಿಸಿ ಕಳಿಸಿದೆ.

ಕುರ್ಚಿ ಹೊರಗೆ ಬಂದ ಮೇಲೆ ಸರ್ ಕಣ್ಣಿಗೆ ಗಲ್ಲಿಯ ವಿದ್ಯಮಾನಗಳೆಲ್ಲ ಬೀಳತೊಡಗಿದವು. ಸಂಜೆ ಉಸ್ತಾದ್ ಗ್ಯಾರೇಜು ಮುಚ್ಚುವ ಮೊದಲು ಒಂದು ತಗಡಿನ ಡಬ್ಬಿಯಲ್ಲಿದ್ದ ಕರಿ ಎಣ್ಣೆಯನ್ನು, ಗಾಡಿಗಳ ಇಂಜಿನ್ನಿನಿಂದ ತೆಗೆದ ಸುಟ್ಟ ಎಣ್ಣೆಯನ್ನು, ತಂದು ಜಾಲಿಯ ಮೇಲೆ ಬಗ್ಗಿಸಿದ. ವರ್ಷಾನುಗಟ್ಟಲೆ ಬಗ್ಗಿಸುತ್ತಲೇ ಬಂದಿದ್ದ. ಅಂದು ಮಾತ್ರ ಬೆತ್ತ ನೆಲಕ್ಕೆ ಬಡಿಯಿತು.

"ಏನದು?"

ಉಸ್ತಾದ್ ನಲವತ್ತು ದಾಟಿದವನು. ಗಡ್ಡದಲ್ಲಿ ಬಿಳಿ ಕೂದಲು, ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳು. ಆದರೆ ಅವನು ಸರ್ ಕೈಕೆಳಗೆ ಓದಿದವನು. ಆ ದನಿ ಕೇಳಿದ್ದೇ ತಡ, ಡಬ್ಬಿ ಕೆಳಗಿಟ್ಟು, ಯೋಚನೆಯೇ ಇಲ್ಲದೆ, ಬಲಗೈ ಮುಂದೆ ಚಾಚಿ ನಿಂತುಬಿಟ್ಟ. ಅಂಗೈ ಮೇಲೆ ಮಾಡಿ. ಗ್ಯಾರೇಜಿನಲ್ಲಿ ಗಾಡಿ ಬಿಡಿಸಿಕೊಳ್ಳಲು ಬಂದಿದ್ದವರು ಬಾಯಿ ಬಿಟ್ಟು ನೋಡಿದರು. ಸರ್ ಕೂಡ ಗಲಿಬಿಲಿಗೊಂಡರು. ಅವರ ಬೆತ್ತ ಅರ್ಧ ಎದ್ದಿತ್ತು, ಅದನ್ನು ಏನು ಮಾಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಇಟ್ಟುಕೊಂಡರು.

"ಕೈ ಕೆಳಗ ಮಾಡೋ. ಯಾಕ ಹಾಕ್ತೀ ಇದ್ರಾಗ?"

"ಮತ್ತ ಎಲ್ಲಿ ಹಾಕ್ಲಿ ಹೇಳ್ರಿ ಸರ್. ಮನ್ಯಾಗ ಹಾಕಿದ್ರ ಹೆಂಡ್ತಿ ಬಿಡಲ್ಲ, ರೋಡ್ ಮ್ಯಾಲ ಹಾಕಿದ್ರ ಮಂದಿ ಜಾರಿ ಬೀಳ್ತಾರ. ಇಲ್ಲಿ ಹಾಕಿದ್ರ ಯಾರಿಗೂ ತಕಲೀಫ್ ಇಲ್ಲ ಅಂದಕೊಂಡೆ."

ಸರ್ ನನ್ನ ಕಡೆ ನೋಡಿದರು. ನಾನು ಜಾಲಿಯ ಕಡೆ ನೋಡಿದೆ. ಹಾಕಬೇಡಿ ಎಂದು ಇಷ್ಟು ದಿನ ಹೇಳಿದ್ದೆ. ಎಲ್ಲಿ ಹಾಕಬೇಕು ಎಂದು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ನಾಲ್ಕು ಕಡೆ ವಿಚಾರಿಸಿದಾಗ, ಊರ ಹೊರಗೆ ಕೊಳಾರದ ಕೈಗಾರಿಕಾ ಪ್ರದೇಶದಲ್ಲಿ ಸುಟ್ಟ ಎಣ್ಣೆಯನ್ನು ಡ್ರಮ್ಮಿನಲ್ಲಿ ತುಂಬಿಸಿಕೊಂಡು ಶುದ್ಧ ಮಾಡಲು ಕಳಿಸುವವರಿದ್ದಾರೆ ಎಂದು ಗೊತ್ತಾಯಿತು. ಅವರೇ ಒಂದು ಖಾಲಿ ಡ್ರಮ್ಮು ತಂದು ಗ್ಯಾರೇಜಿನ ಮೂಲೆಯಲ್ಲಿ ಇಟ್ಟು ಹೋದರು. ಉಸ್ತಾದ್ ದಿನಾ ಸಂಜೆ ಡಬ್ಬಿಯನ್ನು ಎತ್ತಿ ಸರ್‌ಗೆ ಕಾಣುವಂತೆ ಹಿಡಿದು, ಆಮೇಲೆ ಡ್ರಮ್ಮಿಗೆ ಸುರಿಯುತ್ತಿದ್ದ. ಸರ್ ತಲೆ ಆಡಿಸುತ್ತಿದ್ದರು.

ಗಲ್ಲಿಯಲ್ಲಿ ಎಲ್ಲರೂ ಸರ್‌ಗೆ ಹೆದರಿದ್ದರು. ಬೋಗುಣಿಯಾಕೆ ಬಲಗಡೆಯ ಬಚ್ಚಲ ಮೋರಿಗೇ ನಡೆಯತೊಡಗಿದ್ದಳು. ನನ್ನ ಕೆಲಸ ನಾನು ಮಾಡದೆಯೇ ಆಗುತ್ತಿತ್ತು. ಅಷ್ಟರಲ್ಲಿ, ಇಷ್ಟು ದಿನ ಕರಿ ಎಣ್ಣೆಯಲ್ಲಿ ಅಡಗಿದ್ದ ನೊರೆ ಮೇಲೆ ಬಂತು.

ಒಂದು ಬೆಳಿಗ್ಗೆ ಜಾಲಿಯ ಸಂದಿಯಿಂದ ಬಿಳಿ ನೊರೆ ಉಕ್ಕಿ ಮೀನಿನ ಮೂಗಿನ ತನಕ ಹರಡಿತ್ತು. ಸೋಪಿನ ನೊರೆ. ಸರ್ ಬೆತ್ತದ ತುದಿಯಿಂದ ಅದನ್ನು ಕೆದಕಿ, ಬಗ್ಗಿ ಮೂಸಿ, "ಮಲ್ಲಿಗೆಯ ಪರಿಮಳ" ಎಂದರು. ಶುದ್ಧ ಕನ್ನಡ ಶುರುವಾಗಿತ್ತು. ಕೆಲ ದಿನ ಬಿಟ್ಟು ಮತ್ತೆ ಬಂತು. ಸರ್ ಗಮನವಿಟ್ಟು ನೋಡಿ, ಅಪರಾಧ ನಡೆಯುವುದು ಮಂಗಳವಾರ ಮತ್ತು ಶುಕ್ರವಾರ ಎಂದು ಕಂಡುಹಿಡಿದರು.

"ಯಾರೋ ಮೇಲಿನ ಮನೆಯವರು ಈ ಎರಡು ದಿನಗಳಂದು ಗುಪ್ತವಾಗಿ ಬಟ್ಟೆಯ ನೀರನ್ನು ಬಿಡುತ್ತಿದ್ದಾರೆ" ಎಂದು ಅವರು ಗೇಟಿನಲ್ಲಿ ನಿಂತು ಘೋಷಿಸಿದರು. ಅಮ್ಮಾರು ಆಗ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದರು. ಮೇಲಿನಿಂದಲೇ, "ಹೌದೇನ್ರಿ?" ಎಂದರು. ಆ ದಿನ ಮಂಗಳವಾರ. ನನ್ನ ಪಕ್ಕದಲ್ಲಿ ನಿಂತಿದ್ದ ಸರ್ ಅಂಗಿಯಿಂದ ಒಳ್ಳೆಯ ಮಲ್ಲಿಗೆಯ ವಾಸನೆ ಬರುತ್ತಿತ್ತು. ನಾನು ಅಮ್ಮಾರ ಮುಖ ನೋಡಿದೆ. ಅವರು ಒಂದು ಕ್ಲಿಪ್ಪನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಆಕಾಶದ ಕಡೆ ನೋಡುತ್ತಿದ್ದರು.

ಶುಕ್ರವಾರ ತನಿಖೆ ನಡೆಯಿತು. ಗಲ್ಲಿಯ ಮೇಲಿನ ತುದಿಯಿಂದ ಒಂದೊಂದೇ ಚಪ್ಪಡಿ ಎತ್ತಿ ನೋಡುವುದೆಂದು ಸರ್ ತೀರ್ಮಾನಿಸಿದ್ದರು. ಹಾರೆ ಹಿಡಿದು ಎತ್ತಲು ಉಸ್ತಾದ್ ಬಂದ. ನೋಡಲು ಗಲ್ಲಿಯೆಲ್ಲ ಬಂತು. ಮೊದಲ ಚಪ್ಪಡಿಯ ಕೆಳಗೆ ಒಣಗಿದ ಮಣ್ಣು. ಎರಡನೆಯದರ ಕೆಳಗೆ ಒಂದು ಕಪ್ಪೆ, ಅದಕ್ಕೆ ನಮ್ಮನ್ನು ನೋಡಿ ಬೇಸರವಾಯಿತು. ಬೋಗುಣಿಯಾಕೆಯ ಮನೆಯ ಮುಂದೆ ಸರ್ ಬಹಳ ಹೊತ್ತು ನಿಂತು ಇಣುಕಿದರು.

"ಒಣಾ ಅದ ನೋಡ್ರಿ ಸರ್! ನಾ ಹೇಳಿದ್ನಲ್ಲ!" ಎಂದು ಆಕೆ ಸೊಂಟದ ಮೇಲೆ ಕೈ ಇಟ್ಟಳು.

ಹೀಗೆ ಇಳಿಯುತ್ತ ಇಳಿಯುತ್ತ ಎಲ್ಲ ಮನೆಗಳೂ ಮುಗಿದವು. ಎಲ್ಲೂ ತೇವವಿಲ್ಲ. ಉಳಿದದ್ದು ಕೊನೆಯ ಚಪ್ಪಡಿ. ಅದು ಇದ್ದದ್ದು ಸರ್ ಅವರ ಕಾಂಪೌಂಡಿಗೆ ಹತ್ತಿ. ಉಸ್ತಾದ್ ಹಾರೆ ಊರಿ, ಸರ್ ಮುಖ ನೋಡಿದ.

"ಸರ್, ಇದು ಇರ್ಲಿ ಬಿಡ್ರಿ."

"ನಿಯಮ ಎಲ್ಲರಿಗೂ ಒಂದೇ. ಎತ್ತು."

ಎತ್ತಿದ. ಕಾಂಪೌಂಡಿನ ಗೋಡೆಯಿಂದ ನೀಲಿ ಬಣ್ಣದ ಒಂದು ಪೈಪು ನಾಲಿಯೊಳಗೆ ಮೂಗು ಚಾಚಿತ್ತು. ನಾವು ನೋಡುತ್ತಿದ್ದಂತೆಯೇ ಮನೆಯೊಳಗೆ ವಾಷಿಂಗ್ ಮಷೀನು ಗುರ್ ಎಂದಿತು. ಪೈಪು ಒಮ್ಮೆ ಕೆಮ್ಮಿ, ಬುಳುಬುಳು ಎಂದು ನೊರೆ ಕಾರಿತು. ಮಲ್ಲಿಗೆ ಗಲ್ಲಿಯೆಲ್ಲ ಹಬ್ಬಿತು.

ಯಾರೂ ನಗಲಿಲ್ಲ. ನಗದಿರಲು ಎಲ್ಲರೂ ಎಷ್ಟು ಕಷ್ಟಪಟ್ಟರೆಂದರೆ ಬೋಗುಣಿಯಾಕೆ ಗೋಡೆಯ ಕಡೆ ತಿರುಗಿ ನಿಂತಳು.

ಸರ್ ಗೇಟಿನ ಕಡೆ ತಿರುಗಿದರು. ಅಮ್ಮಾರು ಬಾಗಿಲಲ್ಲೇ ಇದ್ದರು.

"ಇದೇನಿದು? ನನ್ನ ಮನೆಯಲ್ಲಿ, ನನ್ನ ಮೂಗಿನ ಕೆಳಗೆ!"

"ಮಷೀನ್ ತಂದ ದಿನ ಪ್ಲಂಬರ್ ಕೇಳಿದ್ದ" ಎಂದರು ಅಮ್ಮಾರು, ಸೆರಗಿಗೆ ಕೈ ಒರೆಸಿಕೊಳ್ಳುತ್ತ. "ನೀರು ಬಚ್ಚಲ ಮೋರಿಗಿ ಬಿಡಬೇಕಂದ್ರ ನಡುಮನಿ ಫರ್ಷಿ ಕಲ್ಲು ಒಡೀಬೇಕಾಗ್ತದ ಅಂದ. ಫರ್ಷಿ ಒಡೀಬ್ಯಾಡ, ಹೊರಗ ನಾಲಿ ಖಾಲಿ ಬಿದ್ದದ, ಅದ್ರಾಗ ಬಿಡು ಅಂತ ಹೇಳಿದವ್ರು ಯಾರ್ರಿ?"

ಸರ್ ಬಗ್ಗಿ ಪೈಪನ್ನೇ ನೋಡಿದರು. ಆಮೇಲೆ ಕುರ್ಚಿಯನ್ನು ತಾವೇ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನ ಕುರ್ಚಿ ಹೊರಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೀನು ಕೇಳಲು ಬಂದವರು ಅತ್ತಿತ್ತ ನೋಡಿ ಹೋದರು. ಗಲ್ಲಿಯವರು ನಗುವುದನ್ನು ನಿಲ್ಲಿಸಿದರು. ನಾನು ಮೀನು ಬರೆಸದಿದ್ದರೆ ಸರ್ ತಮ್ಮ ಪಾಡಿಗೆ ಪೇಪರು ಓದಿಕೊಂಡು ಮರ್ಯಾದೆಯಿಂದ ಇರುತ್ತಿದ್ದರು. ನಾನು ಬಾಗಿಲು ತಟ್ಟಿದರೆ ಅಮ್ಮಾರು ಬಂದು, "ಊಟಾ ಮಾಡ್ತಾರವ್ವಾ, ಮಾತೇ ಆಡಲ್ಲ. ನಾ ಹಂಗ ಎಲ್ಲಾರ ಎದುರಿಗಿ ಅನಬಾರದಿತ್ತು" ಎಂದರು. ಅವರ ಮುಖದಲ್ಲೂ ನಗೆ ಇರಲಿಲ್ಲ.

ಈ ಗಂಟು ಬಿಡಿಸಿದವನು ಉಸ್ತಾದ್. ಒಂದು ಮಧ್ಯಾಹ್ನ ಅವನು ಗ್ಯಾರೇಜು ಬಿಟ್ಟು, ಹೆಗಲ ಮೇಲೆ ಉದ್ದನೆಯ ಪೈಪು ಹೊತ್ತು ಸರ್ ಮನೆಗೆ ಬಂದ. ನಾನೂ ಹಿಂದೆ ಹೋದೆ.

"ಸರ್, ಫರ್ಷಿ ಒಡ್ಯೋ ಜರೂರತ್ ಇಲ್ರಿ. ಹೊರಗಿನ ಗ್ವಾಡಿ ಗುಂಟ ತಿರುವಿ, ಆ ಕಡಿ ಬಚ್ಚಲ ಮೋರಿಗಿ ಇಳಸ್ತೇನಿ. ಒಂದು ಬೋಲ್ಟ್ ಭೀ ಕಾಣಲ್ಲ."

ಸರ್ ಕುರ್ಚಿಯಿಂದ ಏಳಲಿಲ್ಲ. "ನಿನಗ ಎಲ್ಲಾರ ಮುಂದ ಅಂದಿದ್ದೆ" ಎಂದರು. "ಅಂದು ನನ್ನ ಪೈಪ್ ಭೀ ಹರೀತಿತ್ತು."

"ಅರೆ ಸರ್, ನೀವು ಅಂದ್ರಿ ಅಂತ ನನಗ ಗೊತ್ತಾತು. ನಿಮಗ ಅನ್ನೋವ್ರು ಯಾರೂ ಇರಲಿಲ್ಲ, ಅದಕ್ಕ ನಿಮಗ ಗೊತ್ತಾಗಲಿಲ್ಲ. ಅಷ್ಟೇ. ಈಗ ನಿಚ್ಚಣಿಕಿ ಎಲ್ಲದ ಹೇಳ್ರಿ."

ಸರ್ ನಿಧಾನಕ್ಕೆ ಎದ್ದರು. ನಿಚ್ಚಣಿಕೆಯ ಕೆಳಗಿನ ತುದಿಯನ್ನು ತಾವೇ ಹಿಡಿದು ನಿಂತರು. ಉಸ್ತಾದ್ ಮೇಲೆ ಹತ್ತಿ ಪೈಪು ಜೋಡಿಸುವಾಗ, "ಓರೆ ಆಗ್ಯಾದ, ಎಡಕ್ಕ, ಇನ್ನೂ ಎಡಕ್ಕ" ಎಂದು ಕೂಗುವುದು ಶುರುವಾಯಿತು. ಸ್ವಲ್ಪ ಹೊತ್ತಿಗೆ ಅದು, "ಎಡಕ್ಕೆ ಎಂದರೆ ನಿನಗೆ ಅರ್ಥವಾಗುವುದಿಲ್ಲವೇ?" ಎಂದಾಯಿತು. ಅಮ್ಮಾರು ನನ್ನ ಕಡೆ ನೋಡಿ ಉಸಿರು ಬಿಟ್ಟರು. ಶುದ್ಧ ಕನ್ನಡ ವಾಪಸು ಬಂದಿತ್ತು.

ಕೆಲವೇ ದಿನಗಳಲ್ಲಿ ಮಳೆ ಹಿಡಿಯಿತು. ಮೊದಲ ಮಳೆಗೆ ಗಲ್ಲಿಯವರೆಲ್ಲ ಬಾಗಿಲಲ್ಲಿ ನಿಂತು ನಾಲಿಯ ಬಾಯಿ ನೋಡಿದರು. ಮಣ್ಣು ಕಲಸಿದ ಕೆಂಪು ನೀರು ರಭಸವಾಗಿ ಬಂದು ಜಾಲಿಯೊಳಗೆ ಇಳಿಯಿತು. ಮೇಲೆ ಎಣ್ಣೆಯ ಬಣ್ಣದ ಪದರವಿರಲಿಲ್ಲ, ನೊರೆಯಿರಲಿಲ್ಲ. ಯಾರದೋ ಒಂದು ಚಪ್ಪಲಿ ಮಾತ್ರ ತೇಲಿ ಬಂದು ಜಾಲಿಗೆ ಸಿಕ್ಕಿತು. ಅದು ಯಾರದು ಎಂದು ಸರ್ ಕೊಡೆ ಹಿಡಿದು ಮನೆಮನೆಗೆ ಹೋಗಿ ಕೇಳಿದರು.

ಆ ವರ್ಷವೇ ಔರಾದಿನಲ್ಲಿ ನಮ್ಮ ಸಂಸ್ಥೆಯ ಒಂದು ಸಭೆ ಇತ್ತು. ಸುತ್ತಲ ಹಳ್ಳಿಗಳಲ್ಲಿ ಬೆಳೆಗೆ ಔಷಧ ಹೊಡೆದ ಪಂಪನ್ನು ಹಳ್ಳದಲ್ಲಿ ತೊಳೆಯುತ್ತಾರೆ, ಅದೇ ನೀರನ್ನು ದನ, ಕುರಿ ಕುಡಿಯುತ್ತವೆ, ಅದರ ಬಗ್ಗೆ ಮಾತಾಡಬೇಕಿತ್ತು. ಮಾತಾಡಲು ಯಾರನ್ನು ಕರೆಯೋಣ ಎಂದು ಮೇಡಂ ಕೇಳಿದಾಗ ನಾನು ಸರ್ ಹೆಸರು ಹೇಳಿದೆ. ಅವರು ಅಮ್ಮಾರನ್ನೂ ಕರೆದುಕೊಂಡು ಬಂದರು. ಎಕಂಬಾದಿಂದ ಚಿಗವ್ವ ಹೊಸ ಕನ್ನಡಕ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು.

ಸರ್ ಈ ಸಲ ಸಮುದ್ರದಿಂದ ಆರಂಭಿಸಲಿಲ್ಲ. ಎದ್ದು ನಿಂತು, ಗಂಟಲು ಸರಿ ಮಾಡಿಕೊಂಡು, "ಮೊದಲು ನನ್ನ ಮನೆಯ ಪೈಪಿನ ವಿಷಯ ಹೇಳುತ್ತೇನೆ" ಎಂದರು. ನೀಲಿ ಪೈಪು, ಚಪ್ಪಡಿ, ಮಲ್ಲಿಗೆ, ಫರ್ಷಿ, ಯಾವುದನ್ನೂ ಬಿಡಲಿಲ್ಲ. ಜನ ಬಿದ್ದು ಬಿದ್ದು ನಕ್ಕರು. ನಕ್ಕವರು ಕೊನೆಗೆ ತಮ್ಮ ಪಂಪಿನ ಮಾತನ್ನೂ ಎತ್ತಿದರು. ತೊಳೆದ ನೀರನ್ನು ಹಳ್ಳಕ್ಕೆ ಬಿಡದೆ, ಹೊಡೆದ ಹೊಲದ ಬೆಳೆಗೇ ಮತ್ತೊಮ್ಮೆ ಹೊಡೆದು ಮುಗಿಸೋಣ ಎಂದು ಒಬ್ಬ ರೈತ ಹೇಳಿದ, ಉಳಿದವರು ಹೂಂ ಎಂದರು. ಹಿಂದಿನಿಂದ ಒಬ್ಬ ಹೆಂಗಸು ಎದ್ದು ಕೇಳಿದಳು, "ಸರ್, ಮನಿಗಿ ಹೋಗಿ ಅಮ್ಮಾರಿಗಿ ಬೈದ್ರೇನು?"

ಉತ್ತರ ಕೊಟ್ಟವರು ಅಮ್ಮಾರು. "ಬೈದಿಲ್ಲವ್ವಾ. ಅವತ್ತಿಂದ ಅವ್ರ ಬಟ್ಟಿ ಅವ್ರೇ ಒಗಕೋತಾರ."

ಸಂಜೆ ಬೀದರಿನ ಬಸ್ಸು ಹತ್ತಿದೆವು. ಬಸ್ಸು ತುಂಬಿತ್ತು. ಒಂದು ಹಳ್ಳದ ಸೇತುವೆ ದಾಟುವಾಗ ನಮ್ಮ ಮುಂದಿನ ಸೀಟಿನ ದಪ್ಪ ಮೀಸೆಯಾತ ತಿಂದು ಮುಗಿಸಿದ ಚುರುಮುರಿಯ ಪ್ಲಾಸ್ಟಿಕ್ ಚೀಲವನ್ನು ಕಿಟಕಿಯಿಂದ ಹೊರಗೆ ಬಿಟ್ಟ. ಅದು ಗಾಳಿಯಲ್ಲಿ ಉಬ್ಬಿ ನೀರಿನ ಕಡೆ ಇಳಿಯಿತು. ಸರ್ ಎದ್ದು ನಿಂತರು.

"ವಾಹನವನ್ನು ನಿಲ್ಲಿಸಿ!"

ಕಂಡಕ್ಟರ್ ಜನರ ನಡುವಿನಿಂದ ತೂರಿಕೊಂಡು ಬಂದು, ಅವರ ವಯಸ್ಸು ನೋಡಿ, ಕಿವಿಯ ಹತ್ತಿರ ಬಗ್ಗಿ, "ಸರ್, ಮುಂದಿನ ಸ್ಟ್ಯಾಂಡಿನ್ಯಾಗ ನಿಲ್ಲಸ್ತೇವ್ರಿ. ಅಲ್ಲಿ ತನ ಹ್ಯಾಂಗರ ತಡಕೋರಿ" ಎಂದ.

"ನನಗೆ ಅಂಥದ್ದೇನೂ ಆಗಿಲ್ಲ!" ಎಂದು ಸರ್ ಗುಡುಗಿದರು. ಆಮೇಲೆ ಮೀಸೆಯಾತನ ಕಡೆ ತಿರುಗಿ ಪಾಠ ಶುರು ಮಾಡಿದರು. ಈ ಸಲ ಸಮುದ್ರದಿಂದಲೇ. ಬಸ್ಸಿನಿಂದ ಇಳಿದು ಹೋಗುವ ದಾರಿ ಇರಲಿಲ್ಲ. ಮೀಸೆಯಾತ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟ. ಪಾಠ ಮತ್ತೆ ಮೋಡದಿಂದ ಶುರುವಾಯಿತು. ಹಿಂದಿನ ಸೀಟಿನಲ್ಲಿ ಶೇಂಗಾ ತಿನ್ನುತ್ತಿದ್ದವರು ಸಿಪ್ಪೆಯನ್ನು ಕಿಟಕಿಯ ತನಕ ಒಯ್ದು, ಮತ್ತೆ ಮಡಿಲಿಗೇ ಹಾಕಿಕೊಂಡರು.

ಅಮ್ಮಾರು ಸುಮ್ಮನೆ ತಮ್ಮ ಕೈಚೀಲದಿಂದ ಇನ್ನೊಂದು ಬಟ್ಟೆಯ ಚೀಲ ತೆಗೆದರು. ಅದರ ಬಾಯಿ ಅಗಲ ಮಾಡಿ ಹಿಡಿದು, ಸೀಟಿನಿಂದ ಸೀಟಿಗೆ ಕೈ ಊರಿಕೊಂಡು ನಡೆದರು.

"ಪುಡಿಕಿ, ಪಾಕೀಟು, ಸಿಪ್ಪಿ, ಏನಿದ್ರೂ ಇದ್ರಾಗ ಹಾಕ್ರೆಪ್ಪಾ. ಚೀಲ ತುಂಬಿದ್ರ ಇವ್ರು ಕೂಡ್ತಾರ."

ಎಲ್ಲರೂ ಲಗುಬಗೆಯಿಂದ ಹಾಕಿದರು. ಹಾಕಲು ಏನೂ ಇಲ್ಲದವರು ಕಿಸೆಯೆಲ್ಲ ತಡಕಿ ಹಳೆಯ ಟಿಕೀಟು ಹುಡುಕಿ ಹಾಕಿದರು. ಡ್ರೈವರ್ ತನ್ನ ಎಲೆಅಡಿಕೆಯ ಕಾಗದವನ್ನು ಹಿಂದಕ್ಕೆ ಕೊಟ್ಟು ಕಳಿಸಿದ. ಸರ್ ಚೀಲದೊಳಗೆ ಇಣುಕಿ ನೋಡಿ, ಮೀಸೆಯಾತನ ಹೆಗಲ ಮೇಲೆ ಒಮ್ಮೆ ತಟ್ಟಿ, ಕೂತರು.